ಟೊಮೆಟೊ ತೊಟ್ಟಿಗೆ ಪೂಜೆಯ ನೀರು

ಮೊನ್ನೆ ಹೂಕುಂಡದ ಅಂಚಿಗೆ ಕಟ್ಟಿದ್ದ ಬಿಳಿ ಉಪ್ಪನ್ನು ಉಗುರಿನಿಂದ ಕೆರೆಯುತ್ತಿದ್ದಾಗ ಜಮಖಂಡಿಯ ಮನೆಯ ಮಾಳಿಗೆ ನೆನಪಾಯಿತು. ಎಲ್ಲವೂ ಹೀಗೆಯೇ ನಡೆಯಿತೆಂದು ಆಣೆ ಮಾಡಲಾರೆ. ನನ್ನ ನೆನಪು ತನಗೆ ಅನುಕೂಲವಾದದ್ದನ್ನಷ್ಟೇ ಇಟ್ಟುಕೊಳ್ಳುವ ಜಾತಿಯದು.

ಆಗ ನಾವಿನ್ನೂ ಮುಂಬೈ ರಾಜ್ಯದಲ್ಲಿದ್ದೆವು. ಪುಣೆಯಲ್ಲಿ ಕೃಷಿ ಓದಿ ಬಂದ ನಾನು ಮಾಳಿಗೆಯ ಮೇಲೆ ಸಿಮೆಂಟಿನ ತೊಟ್ಟಿ ಕಟ್ಟಿಸಿ, ಮಣ್ಣಿನ ಬದಲು ಗರಸುಕಲ್ಲು ತುಂಬಿ, ಗೊಬ್ಬರದ ಲವಣ ಕರಗಿಸಿದ ನೀರು ಹಾಕಿ ಟೊಮೆಟೊ ನೆಟ್ಟಿದ್ದೆ. ರಾತ್ರಿಯಿಡೀ ಹೊಲದಲ್ಲಿ ಕುರಿಹಿಂಡು ತರುಬಿಸಿ ಎರೆಮಣ್ಣಿಗೆ ಗೊಬ್ಬರ ಕೊಡುವ ಊರು. ಮಣ್ಣಿಲ್ಲದ ಬೆಳೆ ನೋಡಲು ಜನ ಮೆಟ್ಟಿಲು ಹತ್ತಿ ಬಂದು, ನಗುತ್ತ ಇಳಿಯುತ್ತಿದ್ದರು.

ನಮ್ಮ ಜೊತೆಗೇ ಇದ್ದ ಕಾಕಾ, ಅಂದರೆ ಅಪ್ಪನ ತಮ್ಮ, ಮಾತ್ರ ನಗಲಿಲ್ಲ. “ಬ್ಯಾಸಗಿ ಮುಗಿಯೂದ್ರಾಗ ಒಂದ ಹಣ್ಣ ತೋರಸು. ಇಲ್ಲಾಂದ್ರ ಮಹಾಲಿಂಗಪುರಕ್ಕ ಬಂದು ನಮ್ಮ ಬೆಲ್ಲದ ಅಂಗಡ್ಯಾಗ ಕುಂಡ್ರು. ಅಲ್ಲಿ ನೊಣ ಹೊಡ್ಯಾಕ ಓದಿದಾವ ಬೇಕಾಗ್ಯಾನ.”

ಬಿಸಿಲಿಗೆ ತೊಟ್ಟಿಯ ನೀರು ಇಳಿಯುತ್ತಿತ್ತು. ಇಳಿದಷ್ಟೂ ನಾನು ಲವಣದ ನೀರನ್ನೇ ತುಂಬುತ್ತಿದ್ದೆ. ಬೇಸಿಗೆಯಲ್ಲಿ ಗಿಡ ಉಣ್ಣುವುದಕ್ಕಿಂತ ಹೆಚ್ಚು ಕುಡಿಯುತ್ತದೆ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ ಎಂಬುದು ಪದವೀಧರನಿಗೆ ಹೊಳೆಯಲಿಲ್ಲ. ಎಲೆಯಂಚು ಸುಟ್ಟಿತು. ಪಾಪ, ಹಸಿವಿರಬೇಕೆಂದು ಇನ್ನಷ್ಟು ಲವಣ ಸುರಿದೆ.

ಒಂದು ಮುಂಜಾನೆ ನೋಡಿದರೆ ಕಾಕಾನ ಹೆಂಡತಿ, ನಮ್ಮ ಕಾಕು, ತೊಟ್ಟಿಗೆ ತಂಬಿಗೆ ಬಗ್ಗಿಸಿದ್ದಾಳೆ.

“ಕಾಕೂ, ಏನ್ ಹಾಕಾಕತ್ತಿ? ನನ್ನ ಪ್ರಮಾಣ ಕೆಡತೈತಿ!”

“ಪೂಜಿ ನೀರಪ್ಪಾ. ತುಳಿಯೂ ಕಡೆ ಚೆಲ್ಲಬಾರದು. ನಿನ್ನ ತೊಟ್ಟ್ಯಾಗ ಮಣ್ಣ ಸೈತ ಇಲ್ಲ, ಇದಕ್ಕಿಂತ ಸ್ವಚ್ಛ ಜಾಗಾ ಎಲ್ಲೈತಿ?”

“ಗಿಡ ಸಾಯಾಕತ್ತಾವು.”

“ಸಾಯೂದ ಖರೆ ಇದ್ರ ದೇವರ ನೀರ ಕುಡದ ಸಾಯಲಿ ಬಿಡು.”

ಸಿಟ್ಟಿನಲ್ಲಿ ಲವಣದ ನೀರು ಹಾಕುವುದನ್ನೇ ಬಿಟ್ಟೆ. ಮಾಳಿಗೆ ಹತ್ತುವುದನ್ನೂ ಬಿಟ್ಟೆ. ಕೆಲ ದಿನಗಳ ಮೇಲೆ ಮೆಲ್ಲಗೆ ಇಣುಕಿದರೆ ಹಸಿರು ಚಿಗುರು! ಬೇಸಿಗೆ ಮುಗಿಯುವ ಮೊದಲೇ ಹಣ್ಣೂ ಬಂತು. ಕಾಕಾ ಕಚ್ಚಿ, ಚಪ್ಪರಿಸಿ, “ಛಲೋ ಐತಿ. ಉಪ್ಪ ಕಮ್ಮಿ” ಎಂದರು. ಅಂಗಡಿಯ ಮಾತು ಮತ್ತೆ ಎತ್ತಲಿಲ್ಲ.

ಆದರೆ ಒಂದು ಸಂಶಯ ನನ್ನನ್ನು ಬಿಡಲಿಲ್ಲ. ಆ ಬಿಸಿಲಿಗೆ ಒಂದು ತಂಬಿಗೆ ನೀರು ಮಧ್ಯಾಹ್ನದವರೆಗೂ ಬಾಳದು. ಅಷ್ಟರಿಂದ ತೊಟ್ಟಿಯ ಉಪ್ಪುನೀರು ತೆಳುವಾಗುವುದೆಂತು? ಎಷ್ಟೋ ವರ್ಷಗಳ ಮೇಲೆ ಕಾಕುವಿನ ಮಗಳನ್ನು ಕೇಳಿದೆ, ಅವಳೀಗ ರಬಕವಿಯಲ್ಲಿದ್ದಾಳೆ.

“ಅಣ್ಣಾ, ನಿನಗ ಗೊತ್ತ ಇಲ್ಲೇನು? ನೀ ಅಂಗಡಿಗೆ ಹೋಗೂದು ಅವ್ವಗ ಬ್ಯಾಡಾಗಿತ್ತು. ಮುಂಜಾನಿ ಅಷ್ಟ ಪೂಜಿ ಮಾಡಾಕಿ, ಆ ಬ್ಯಾಸಗಿ ಸಂಜೀಕೂ ಮಾಡಿದ್ಲು. ಕೊಡಾ ತುಂಬ ನೀರ ಇಟಗೊಂಡು. ಪೂಜಿ ಆದ ಮ್ಯಾಲ ಅದೆಲ್ಲಾ ನಿನ್ನ ತೊಟ್ಟಿಗೇ.”

ಒಬ್ಬರ ಮಾತು ನನಗೆ ಸಾಲದು. ಅವಳ ತಮ್ಮನನ್ನು ಬೇರೆಯಾಗಿ ಕೇಳಿದೆ. ಅವನೂ ತಂಬಿಗೆ ಎನ್ನಲಿಲ್ಲ, ಕೊಡ ಎಂದ.