ಗೋಡೆಯ ಮೇಲೆ ಪೆತ್ರ್

ಪ್ರಾಗ್‌ನ ಪ್ರಸಿದ್ಧ ಸೇತುವೆ, ಗಡಿಯಾರದ ಗೋಪುರ ಎರಡನ್ನೂ ಬೆಳಿಗ್ಗೆಯೇ ನೋಡಿ ಮುಗಿಸಿ, ಮಧ್ಯಾಹ್ನ ಹಳೆಯ ಯಹೂದಿ ಕೇರಿಯ ಪ್ರಾರ್ಥನಾ ಮಂದಿರಕ್ಕೆ ಹೋದೆವು. ನಾಜಿಗಳು ಕೊಂದ ಯಹೂದಿಗಳ ಹೆಸರುಗಳನ್ನು ಅಲ್ಲಿ ಗೋಡೆಗಳ ಮೇಲೆಯೇ ಕೈಯಿಂದ ಬರೆದಿದ್ದಾರೆ. ಮನೆತನದ ಹೆಸರು ಕೆಂಪು, ವ್ಯಕ್ತಿಯ ಹೆಸರು ಕಪ್ಪು. ಅಕ್ಷರಗಳು ಎಷ್ಟು ಸಣ್ಣವೆಂದರೆ, ದೂರದಿಂದ ನೋಡಿದಾಗ ಗೋಡೆಗೆ ಚಿತ್ತಾರದ ಕಾಗದ ಅಂಟಿಸಿದ್ದಾರೆ ಅಂದುಕೊಂಡೆ.

ಸಿಯಾಟಲ್ ಪಕ್ಕದ ಕೆನ್ಮೋರ್‌ನಲ್ಲಿ ನಮ್ಮ ನೆರೆಮನೆಯ ಹಾನಾ ಅಜ್ಜಿ ಈ ಊರಿನವರು. ಯುದ್ಧಕ್ಕೆ ಮೊದಲು, ಹುಡುಗಿಯಾಗಿದ್ದಾಗ, ಅವರೊಬ್ಬರನ್ನೇ ದೇಶದಿಂದಾಚೆ ಕಳಿಸಿದ್ದರು. ತಮ್ಮ ಇಲ್ಲೇ ಉಳಿದಿದ್ದ. ಮತ್ತೆ ಬರುವ ಧೈರ್ಯ ಅವರಿಗಾಗಲಿಲ್ಲ. ನಾವು ಹೊರಟಾಗ ತಮ್ಮನ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟು, "ಇದೆಯಾ ನೋಡಿ, ಅಷ್ಟು ಸಾಕು" ಎಂದು ಇಂಗ್ಲಿಷಿನಲ್ಲಿ ಹೇಳಿದ್ದರು.

ಒಂದು ಗಂಟೆ ಹುಡುಕಿದ ಮೇಲೆ ನನ್ನ ಹೆಂಡತಿ ಶೈಲಜಾ ತೋಳು ಹಿಡಿದಳು. "ರೀ, ಇಲ್ಲಿ ನೋಡಿ. ಇದೇ ಅಲ್ವಾ?"

ಚೀಟಿಯೊಂದಿಗೆ ಎರಡು ಸಲ ಹೋಲಿಸಿದೆ. ಅದೇ. ಅಲ್ಲಿಂದಲೇ ಅಜ್ಜಿಗೆ ಫೋನ್ ಮಾಡಿದೆ. ಅವರಿಗಾಗ ಬೆಳಗಿನ ಏಳು ಗಂಟೆ. "ಇದೆ" ಎಂದೆ. "ಓದಿ" ಎಂದರು.

"ಪೀಟರ್" ಎಂದು ಓದಿದೆ.

"ಪೀಟರ್ ಅಲ್ಲ. ಪೆತ್ರ್."

ಸದ್ದು ಮಾಡಬೇಡಿ ಎನ್ನಲು ಕಾವಲಿನ ಹೆಂಗಸು ಹತ್ತಿರ ಬಂದಳು. ಗೋಡೆಯತ್ತ ಚಾಚಿದ್ದ ಶೈಲಜಾಳ ಬೆರಳನ್ನು ಕಂಡು ಅಲ್ಲೇ ನಿಂತುಬಿಟ್ಟಳು.

"ಪೆತ್ರ್" ಎಂದೆ, ನಿಧಾನವಾಗಿ.

"ಈ ಹೆಸರನ್ನ ಇನ್ನೊಬ್ಬರ ಬಾಯಲ್ಲಿ ಕೇಳಿ ಅರವತ್ತು ವರ್ಷ ಆಯ್ತು. ಇನ್ನೊಂದು ಸಲ ಹೇಳ್ತೀರಾ?"

ಹೇಳಿದೆ.