ಕುಳ್ಳಮ್ಮನ ಕೆಂಪು ಬೆರಳುಗಳು

ಕುಳ್ಳಮ್ಮನ ವಿಷಯ ಬರೆಯಲು ಕೂತಾಗಲೆಲ್ಲ ಇವತ್ತಿಗೂ ನನಗೆ ಹೆದರಿಕೆಯಾಗುತ್ತದೆ. ಆಕೆ ಹೆದರಿಸುವಂಥ ಹೆಂಗಸಲ್ಲ. ನಾಲ್ಕೂಮುಕ್ಕಾಲು ಅಡಿ ಎತ್ತರ, ಹೆಗಲ ಮೇಲೆ ಸದಾ ಒಂದು ಹಳೇ ಟವೆಲ್ಲು, ಬಾಯಿ ತುಂಬ ಎಲೆಅಡಿಕೆ. ನನಗಿರುವ ಹೆದರಿಕೆ ನನ್ನ ಬಗ್ಗೆಯೇ. ಹೇಳಬೇಕಾದ ಒಂದು ಮಾತನ್ನು ಹೇಳಬೇಕಾದವರಿಗೆ ಹೇಳದೆ ನಾನು ಆಕೆಯನ್ನು ಸಾವಿನ ಬಾಗಿಲವರೆಗೆ ಕಳಿಸಿದ್ದೆ.

ನಾನು ರಘುನಂದನ್, ಶ್ರೀರಂಗಪಟ್ಟಣದ ಪಕ್ಕದ ಕಿರಂಗೂರಿನವನು. ನಾಲೆ ನೀರಲ್ಲಿ ಕಾಲಾಡಿಸಿಕೊಂಡು ಬೆಳೆದವನು. ತೋಟಗಾರಿಕೆ ಓದಿ, 1994ರಲ್ಲಿ ಬೆಂಗಳೂರಿನ ಒಂದು ವೈನ್ ಕಂಪನಿ ನಾಗಮಂಗಲ ತಾಲ್ಲೂಕಿನ ದೇವಲಾಪುರದ ಹತ್ತಿರ ಮಾಡುತ್ತಿದ್ದ ದ್ರಾಕ್ಷಿ ತೋಟಕ್ಕೆ ಮೇಲ್ವಿಚಾರಕನಾಗಿ ಸೇರಿದೆ. "ಮಳೆ ಬಂದ್ರೆ ರಾಗಿ, ಬರ್ದಿದ್ರೆ ಕಲ್ಲು. ಅಲ್ಲೇನ್ಲಾ ದ್ರಾಕ್ಸಿ ಬೆಳೀತೀಯ?" ಎಂದು ನಮ್ಮಪ್ಪ ನಕ್ಕಿದ್ದರು.

ಅಲ್ಲೇ ಬೆಳೆಯಬೇಕು ಎಂದದ್ದು ಫ್ರಾನ್ಸಿನಿಂದ ಬಂದ ಒಬ್ಬ ತಜ್ಞ. ಕೆಂಪು ಗೊರಚು ಮಣ್ಣನ್ನು ಅಂಗೈಯಲ್ಲಿ ಉಜ್ಜಿ, ಮೂಸಿ ನೋಡಿ, ಬಹಳ ಒಳ್ಳೆಯ ಬಡ ಮಣ್ಣು ಎಂದ. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಆಳುಗಳೆಲ್ಲ ಬಿದ್ದು ಬಿದ್ದು ನಕ್ಕರು. ದೇವಲಾಪುರದ ಮಣ್ಣನ್ನು ಅದರ ಬಡತನಕ್ಕಾಗಿ ಹೊಗಳಿದವರು ಅದುವರೆಗೆ ಯಾರೂ ಇರಲಿಲ್ಲ. ಬೆಂಗಳೂರಿನ ಸುತ್ತಮುತ್ತ ಬೆಳೆಯುವ ನೀಲಿ ದ್ರಾಕ್ಷಿ ತಿನ್ನುವುದಕ್ಕೆ, ರಸಕ್ಕೆ. ನೀರು ಕೊಟ್ಟಷ್ಟೂ ಉಬ್ಬುತ್ತದೆ. ಒಳ್ಳೆಯ ವೈನಿಗೆ ಬೇಕಾದ ಕ್ಯಾಬರ್ನೆ, ಶಿರಾಜ್ ತಳಿಗಳ ಸ್ವಭಾವ ಬೇರೆ. ಅವನ್ನು ಸ್ವಲ್ಪ ಬಾಯಾರಿಸಬೇಕು. ಆಗಲೇ ಹಣ್ಣು ಸಣ್ಣದಾಗಿ, ಸಿಪ್ಪೆ ದಪ್ಪವಾಗಿ, ರಸ ಗಟ್ಟಿಯಾಗುತ್ತದೆ. ನಾಲೆ ಬಯಲಿನ ನನಗೆ ಇದು ತಲೆಗೆ ಹತ್ತಲು ವರ್ಷ ಹಿಡಿಯಿತು. ತೋಟದ ಕೂಲಿಗೆ ಬರುತ್ತಿದ್ದ ಕುಳ್ಳಮ್ಮನಿಗೆ ಒಂದು ಗಳಿಗೆ ಸಾಕಾಯಿತು.

"ಅಂಗಾದ್ರೆ ಇದು ನಮ್ ಜಾತೀದೇ ಕಣ್ ಸಾ. ಉಪಾಸ ಕೆಡವಿದ್ರೆ ಗಟ್ಟಿ ಆಯ್ತದೆ," ಎಂದಳು.

ಕ್ಯಾಬರ್ನೆ ಎಂಬ ಹೆಸರು ಆಕೆಯ ನಾಲಿಗೆಗೆ ಹೊರಳಲಿಲ್ಲ. ಅದಕ್ಕೆ ಸಣ್ಕರಿ ಎಂದು ಹೆಸರಿಟ್ಟಳು. ಶಿರಾಜಿನ ಗೊನೆ ಉದ್ದ, ಹಾಗಾಗಿ ಅದು ಉದ್ಗೊನೆ. ವರ್ಷ ಕಳೆಯುವುದರೊಳಗೆ ಬೆಂಗಳೂರಿನಿಂದ ಬರುವ ಮ್ಯಾನೇಜರ್ ಕೂಡ ಸಣ್ಕರಿ ಹೇಗಿದೆ ಎಂದು ಕೇಳತೊಡಗಿದ. ಹನ್ನೆರಡು ಹೆಂಗಸರ ಗುಂಪಿಗೆ ಆಕೆಯೇ ಯಜಮಾನಿ. ಬಳ್ಳಿ ಮುಟ್ಟಿ ನೋಡಿ ಈ ಕಡ್ಡಿಯಲ್ಲಿ ಗೊನೆ ಬರುತ್ತದೆ, ಇದರಲ್ಲಿ ಬರೀ ಸೊಪ್ಪು ಎಂದು ಹೇಳುತ್ತಿದ್ದಳು. ನನ್ನ ಪದವಿ ಪತ್ರಕ್ಕಿಂತ ಅದು ಸರಿಯಾಗಿರುತ್ತಿತ್ತು.

ಆಕೆಯ ತವರು ಕೆ.ಆರ್.ಪೇಟೆ ಕಡೆಯ ಗೋವಿಂದನಹಳ್ಳಿ. ಹದಿನಾರಕ್ಕೆ ದೇವಲಾಪುರದ ಪಕ್ಕದ ಒಂದು ಸಣ್ಣ ಹಳ್ಳಿಯ ಗಾಡಿ ಜವರಯ್ಯನಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಕುಡಿದರೆ ಹೊಡೆಯುತ್ತಿದ್ದ, ಕುಡಿಯಲು ಸಿಗದಿದ್ದರೆ ಸಿಗಲಿಲ್ಲವೆಂದು ಹೊಡೆಯುತ್ತಿದ್ದ. ಕುತ್ತಿಗೆಗೆ ಕೈ ಹಾಕಿ ಗೋಡೆಗೆ ಒತ್ತುವುದು ಅವನ ರೂಢಿ. ಕೊನೆಗೆ ಹೊಟ್ಟೆಯಲ್ಲಿ ನೀರು ತುಂಬಿ ಸತ್ತ. ಅದಾಗಿ ಆರು ವರ್ಷವಾಗಿತ್ತು.

ಒಮ್ಮೆ ಊಟದ ಹೊತ್ತಿನಲ್ಲಿ ಆಕೆ ಇದನ್ನೆಲ್ಲ ಹೇಳಿದಳು. "ಸಾಯೋ ದಿವ್ಸ ನನ್ ಕೈ ಇಡ್ಕಂಡ್ ಏನಂದ ಗೊತ್ತಾ ಸಾ? ಪಕ್ಸದ್ ಎಡೇಲಿ ಸರಾಯಿ ಮರ್ತಿಯೋ, ಬತ್ತೀನಿ ಅಂದ. ಇವತ್ಗೂ ನಾನು ಬಾಗ್ಲ ಕಡೀಕೆ ಬೆನ್ ಆಕಿ ಉಣ್ಣಾಕಿಲ್ಲ, ಮನಗಾಕೂ ಇಲ್ಲ."

ನಾನು ನಕ್ಕುಬಿಟ್ಟೆ. ಓದಿದವನಲ್ಲವೇ ನಾನು. ಆಕೆ ನಗಲಿಲ್ಲ, ಮುದ್ದೆ ಮುರಿಯುತ್ತ ಬೇರೆ ಮಾತಿಗೆ ಹೋದಳು.

1996ರ ಅಕ್ಟೋಬರ್ ಬಂತು. ದ್ರಾಕ್ಷಿಗೆ ಅದು ಕತ್ತರಿ ಹಾಕುವ ಕಾಲ. ಗಂಡಸರು ಬಳ್ಳಿ ಸವರುತ್ತಾರೆ. ಉಳಿದ ಕಡ್ಡಿಯ ಮೊಗ್ಗುಗಳಿಗೆ ಹೆಂಗಸರು ಒಂದು ಔಷಧ ಹಚ್ಚುತ್ತಾರೆ. ಮೊಗ್ಗಿಗೆ ಇಲ್ಲಿಯವರು ಕಣ್ಣು ಎನ್ನುತ್ತಾರೆ. ನಮ್ಮ ಕಡೆ ಚಳಿ ಸಾಲದು, ಬಳ್ಳಿಗೆ ಸರಿಯಾದ ನಿದ್ದೆಯಿಲ್ಲ. ಹಾಗಾಗಿ ಈ ಔಷಧ ಹಚ್ಚದಿದ್ದರೆ ಕಣ್ಣು ಒಂದೇ ಸಲಕ್ಕೆ ಬಿಡುವುದಿಲ್ಲ. ಯಾವ ಕಣ್ಣಿಗೆ ಹಚ್ಚಿದೆ, ಯಾವುದಕ್ಕಿಲ್ಲ ಎಂದು ತಿಳಿಯಲು ಅದಕ್ಕೆ ಕೆಂಪು ಬಣ್ಣ ಬೆರೆಸುತ್ತಿದ್ದೆವು. ಕಂಪನಿ ರಬ್ಬರ್ ಕೈಗವಸು ಕೊಟ್ಟಿತ್ತು. ಕುಳ್ಳಮ್ಮ ಅದನ್ನು ಎರಡನೇ ದಿನವೇ ತೆಗೆದಿಟ್ಟಳು. "ಇದಾಕ್ಕಂಡ್ರೆ ಕಣ್ಣು ಕೈಗೇ ಸಿಗಾಕಿಲ್ಲ ಸಾ," ಎಂದಳು. ಕೆಲಸ ಬೇಗ ಸಾಗುತ್ತದಲ್ಲ ಎಂದು ನಾನೂ ಸುಮ್ಮನಾದೆ. ಸಂಜೆಗೆ ಆಕೆಯ ಹತ್ತು ಬೆರಳೂ ಮದರಂಗಿ ಇಟ್ಟಂತೆ ಕೆಂಪಾಗಿರುತ್ತಿದ್ದವು.

ಆ ಔಷಧದ ಡಬ್ಬಿಯ ಮೇಲೆ ಇರುವೆಯಷ್ಟು ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಒಂದು ಎಚ್ಚರಿಕೆ ಇತ್ತು. ಇದನ್ನು ಮುಟ್ಟಿದವರು ವಾರದವರೆಗೆ ಮದ್ಯ ಮುಟ್ಟಬಾರದು. ಮುಟ್ಟಿದರೆ ಮೈಯೊಳಗೆ ಎರಡೂ ಸೇರಿ ವಿಷವಾಗುತ್ತದೆ, ಎದೆ ಬಡಿತ ಏರಿ, ಉಸಿರು ಕಟ್ಟಿ, ಪ್ರಾಣಕ್ಕೇ ಕುತ್ತು ಬರಬಹುದು. ನಾನು ಅದನ್ನು ಓದಿದ್ದೆ. ಔಷಧ ಬೆರೆಸುವ ಮೂವರು ಗಂಡಸರನ್ನು ಕರೆದು, ಈ ವಾರ ಕುಡಿದರೆ ಕೆಲಸದಿಂದ ತೆಗೆಯುತ್ತೇನೆ ಎಂದೆ. ಕಾರಣ ಹೇಳಲಿಲ್ಲ. ಹೇಳಿದರೆ ಹೆದರಿ ಓಡಿಹೋಗುತ್ತಾರೆ, ಕೆಲಸ ನಿಲ್ಲುತ್ತದೆ ಎಂಬ ಬುದ್ಧಿವಂತಿಕೆ. ಹೆಂಗಸರಿಗೆ ಏನೂ ಹೇಳಲಿಲ್ಲ. ಹೆಂಗಸರು ಎಲ್ಲಿ ಕುಡಿಯುತ್ತಾರೆ ಎಂದುಕೊಂಡೆ.

ಮಹಾಲಯ ಅಮಾವಾಸ್ಯೆಯ ದಿನ ಹೆಂಗಸರೆಲ್ಲ ಮೂರು ಗಂಟೆಗೇ ಹೊರಟರು. ಐದೂವರೆ ಹೊತ್ತಿಗೆ, ಅವರನ್ನು ಬಿಟ್ಟು ಬಂದಿದ್ದ ಟೆಂಪೊ ಡ್ರೈವರ್ ಇಮಾಮ್, ನಾಗಮಂಗಲದವನು, ನನ್ನ ಶೆಡ್ಡಿನ ಮುಂದೆ ಟೀ ಕುಡಿಯುತ್ತ ನಿಂತಿದ್ದ.

"ಇವತ್ತು ಮನೆಮನೇಲೂ ಸತ್ತೋರಿಗೆ ಊಟ ಸಾರ್," ಎಂದ. "ಕುಳ್ಳಮ್ಮಂಗೆ ಪಾಪ, ಗಂಡನ್ ಕಾಟ ಇನ್ನೂ ತಪ್ಪಿಲ್ಲ. ದಾರೀಲಿ ಗಾಡಿ ನಿಲ್ಸಿ ಸರಾಯಿ ಪ್ಯಾಕೆಟ್ ತಗೊಂಡ್ಲು. ಎಡೆ ಇಟ್ಟೋರೇ ಮೊದ್ಲು ಬಾಯಿಗಿಡ್ಬೇಕಂತೆ. ವರ್ಷಕ್ಕೆ ಒಂದು ಗುಟುಕು, ಮೂಗು ಮುಚ್ಕೊಂಡು ಕುಡೀತೀನಿ ಅಂದ್ಲು."

ಆ ಕೆಂಪು ಬೆರಳುಗಳು ಕಣ್ಣ ಮುಂದೆ ಬಂದವು. ಐದು ದಿನ ಬರಿಗೈಯಲ್ಲಿ, ದಿನಕ್ಕೆ ಸಾವಿರಾರು ಕಣ್ಣು.

"ಇಮಾಮ್, ಗಾಡಿ ತೆಗಿ," ಎಂದೆ. ಅವನು ಟೀ ಲೋಟ ಅಲ್ಲೇ ಇಟ್ಟು ಗಾಡಿ ಹತ್ತಿದ. ನಾಲ್ಕು ಕಿಲೋಮೀಟರ್ ದಾರಿ. ಹೊತ್ತು ಮುಳುಗುತ್ತಿತ್ತು. ಎಡೆ ಇಟ್ಟ ಮೇಲೆ ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುತ್ತಾರೆ, ನಮ್ಮ ಮನೆಯಲ್ಲೂ ಹಾಗೇ. ಆ ಬಾಗಿಲು ಇನ್ನೂ ಮುಚ್ಚಿರಲಿ ಎಂದು ಬೇಡಿಕೊಂಡೆ. ಸತ್ತವರು ಬರುವುದನ್ನು ನಂಬದ ನಾನು, ಜವರಯ್ಯ ಇನ್ನೂ ಉಣ್ಣುತ್ತಿರಲಿ ಎಂದು ದಾರಿಯುದ್ದಕ್ಕೂ ಬೇಡಿದೆ.

ಬಾಗಿಲು ತೆರೆದಿತ್ತು. ಅಂಗಳದಲ್ಲಿ ಜನ ಸೇರಿದ್ದರು. ಒಳಗೆ ಎಡೆಯ ಮುಂದೆ ಕುಳ್ಳಮ್ಮ ಗೋಡೆಗೆ ಒರಗಿ ಕೂತಿದ್ದಳು. ಮುಖ, ಕುತ್ತಿಗೆ, ಎದೆಯವರೆಗೂ ಕೆಂಪೇರಿತ್ತು. ಕಣ್ಣುಗಳು ಹೊರಗೆ ಬಂದಿದ್ದವು. ಎರಡೂ ಕೈಯಿಂದ ಕುತ್ತಿಗೆ ಹಿಡಿದುಕೊಂಡು ಉಸಿರಿಗಾಗಿ ಒದ್ದಾಡುತ್ತಿದ್ದಳು. ನಡುನಡುವೆ ಒಂದೇ ಮಾತು.

"ಬಂದ್ಬುಟ್ಟ. ಬಂದ್ಬುಟ್ಟ. ಕುತ್ಗೆ ಇಡ್ಕಂಡವ್ನೆ."

ಜವರಯ್ಯನ ತಮ್ಮ ದೇವರಾಜು ಆಕೆಯ ಮುಂದೆ ಮಂಡಿಯೂರಿದ್ದ. ಒಳ್ಳೆಯ ಮನುಷ್ಯ, ಅತ್ತಿಗೆಯನ್ನು ತಾಯಿಯಂತೆ ನೋಡಿಕೊಂಡವನು. ಅವನ ಕೈಯಲ್ಲಿ ತುಂಬಿದ ಲೋಟವಿತ್ತು.

"ಅಣ್ಣಂಗೆ ಸಾಲ್ಲಿಲ್ಲ ಕಣತ್ಗೆ," ಎಂದು ಅಳುತ್ತ ಹೇಳುತ್ತಿದ್ದ. "ಒಂದ್ ಗುಟ್ಕು ಕೊಟ್ರೆ ಕ್ವಾಪ ಬರಾಕಿಲ್ವಾ? ಇದ್ನ ಪೂರ್ತಿ ಕುಡ್ದ್ಬುಡು. ಬುಟ್ಟೋಯ್ತಾನೆ."

ಈಗ ಬರೆಯುವುದನ್ನು ನಾನು ಹೆಂಡತಿಗೂ ಹೇಳಿಲ್ಲ. ಆ ಹೊಸ್ತಿಲಲ್ಲಿ ಒಂದು ಕ್ಷಣ ನಾನು ಸುಮ್ಮನೆ ನಿಂತೆ. ಇವರೆಲ್ಲ ಇದು ಜವರಯ್ಯನ ಕೆಲಸ ಎಂದು ನಂಬಿದ್ದಾರೆ, ನನ್ನನ್ನು ಯಾರೂ ಕೇಳುವುದಿಲ್ಲ, ಕಂಪನಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಬಂತು. ಅಷ್ಟು ನೀಚ ಯೋಚನೆ ಅಷ್ಟು ಸಲೀಸಾಗಿ ಬಂತು. ಅಂಗಳದಲ್ಲಿದ್ದ ಮೂವತ್ತು ಜನ ನನ್ನನ್ನು ಬಡಿದು ಹಾಕುತ್ತಾರೆ ಎಂಬ ಭಯವೂ ಇತ್ತು. ಲೋಟ ಆಕೆಯ ತುಟಿಗೆ ತಗುಲಿತು.

ನಾನು ನುಗ್ಗಿ ಲೋಟಕ್ಕೆ ಹೊಡೆದೆ. ಸರಾಯಿ ಎಡೆಯ ಮೇಲೆಲ್ಲ ಚೆಲ್ಲಿತು. ದೇವರಾಜು ಎದ್ದು ನನ್ನ ಕೊರಳಪಟ್ಟಿ ಹಿಡಿದ.

"ಇದು ನಿಮ್ಮಣ್ಣ ಅಲ್ಲ ಕಣಯ್ಯ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ತೋಟದ ಔಷಧ. ಅದು ಹಚ್ಚಿದೋರು ಸರಾಯಿ ಮುಟ್ಟಬಾರದು. ನನಗೆ ಗೊತ್ತಿತ್ತು, ಹೇಳಲಿಲ್ಲ. ತಪ್ಪು ನಂದು. ಇನ್ನೊಂದು ಗುಟುಕು ಕುಡಿದರೆ ಸತ್ತು ಹೋಗ್ತಾಳೆ. ಆಮೇಲೆ ಹೊಡಿ, ಈಗ ಗಾಡಿಗೆ ಹಾಕು."

ಅವನ ಕೈ ಸಡಿಲಲಿಲ್ಲ. ನನ್ನನ್ನೂ ಎಡೆಯನ್ನೂ ನೋಡಿದ. ಆಗ ಬಾಗಿಲಲ್ಲಿದ್ದ ಇಮಾಮ್ ಮೆಲ್ಲಗೆ ಹೇಳಿದ: "ದೇವ್ರಾಜಣ್ಣ, ಜಲ್ದಿ ಮಾಡು. ಜಗ್ಳ ನಾಳೆ ಆಡಣ."

ಮೂವರೂ ಸೇರಿ ಆಕೆಯನ್ನು ಎತ್ತಿದೆವು. ಗಾಡಿ ಹತ್ತುವ ಮೊದಲು ದೇವರಾಜುವಿಗೆ ಉಳಿದ ಹನ್ನೊಂದು ಹೆಂಗಸರ ಹೆಸರು ಹೇಳಿ, ಯಾರೂ ಸರಾಯಿ ಮುಟ್ಟದಂತೆ ತಡೆ ಎಂದೆ. ಅವನು ಸೈಕಲ್ ಹತ್ತಿ ಮನೆಮನೆಗೆ ಹೊರಟ. ಅಲ್ಲೆಲ್ಲ ಬಾಯಿಗಿಟ್ಟವರು ಗಂಡಸರೇ ಎಂದು ಆಮೇಲೆ ತಿಳಿಯಿತು. ಅಲ್ಲಿಯವರೆಗೆ ನಾನು ಹನ್ನೊಂದು ಹೆಣಗಳನ್ನು ಮನಸ್ಸಿನಲ್ಲಿ ಎಣಿಸುತ್ತಲೇ ಇದ್ದೆ.

ನಾಗಮಂಗಲದ ದಾರಿಯುದ್ದಕ್ಕೂ ಆಕೆಯ ತಲೆ ನನ್ನ ತೊಡೆಯ ಮೇಲಿತ್ತು. ನಾಡಿ ಎಣಿಸಲಾಗದಷ್ಟು ಓಡುತ್ತಿತ್ತು, ಆಮೇಲೆ ಸಿಗುವುದೇ ನಿಂತಿತು. ಎರಡು ಸಲ ವಾಂತಿ ಮಾಡಿದಳು. ಪ್ರತಿ ಸಲ ಉಸಿರು ನಿಂತು ಮತ್ತೆ ಬರುವವರೆಗೆ ನಾನೂ ಉಸಿರು ಬಿಗಿ ಹಿಡಿದಿರುತ್ತಿದ್ದೆ. ಆಸ್ಪತ್ರೆಯಲ್ಲಿ ಔಷಧದ ವಿಷಯ ಹೇಳಿದೆ. ಡಾಕ್ಟರು ಡ್ರಿಪ್ ಹಾಕಿ, ಆಮ್ಲಜನಕ ಕೊಟ್ಟು, ಎಷ್ಟು ಕುಡಿದಿದ್ದಳು ಎಂದು ಕೇಳಿದರು. ಒಂದು ಗುಟುಕು ಎಂದೆ. "ಲೋಟ ಕುಡಿದಿದ್ದರೆ ಇಲ್ಲಿಗೆ ತರೋ ಅಗತ್ಯ ಇರಲಿಲ್ಲ," ಎಂದರು.

ಎರಡು ಗಂಟೆ ಕಳೆದ ಮೇಲೆ ಕೆಂಪು ಇಳಿಯಿತು. ಕುಳ್ಳಮ್ಮ ಕಣ್ಣು ಬಿಟ್ಟು ಮೊದಲು ಬಾಗಿಲು ನೋಡಿದಳು, ಆಮೇಲೆ ನನ್ನನ್ನು.

"ಒಂಟೋದ್ನಾ ಅವ್ನು?" ಎಂದಳು.

ನಾನು ಎಲ್ಲವನ್ನೂ ಹೇಳಿದೆ. ಡಬ್ಬಿಯ ಮೇಲಿನ ಅಕ್ಷರ, ನಾನು ಗಂಡಸರಿಗಷ್ಟೇ ಹೇಳಿದ್ದು, ಕೈಗವಸಿನ ವಿಷಯಕ್ಕೆ ಸುಮ್ಮನಿದ್ದದ್ದು. ಬೈಯುತ್ತಾಳೆ, ಉಗಿಯುತ್ತಾಳೆ ಎಂದು ಕಾದೆ. ಆಕೆ ಅದು ಯಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ.

"ಅಂಗಾದ್ರೆ ಅವ್ನಲ್ವಾ?"

"ಅವನಲ್ಲ. ಔಷಧ."

"ಆಣೆ ಮಾಡಿ." ಕೆಂಪು ಬೆರಳಿನ ಕೈಯನ್ನು ಮುಂದೆ ಚಾಚಿದಳು. ಸೂಜಿ ಚುಚ್ಚಿದ್ದ ಕೈ ಅದೇ. ನಾನು ಅಂಗೈ ಮುಟ್ಟಿ ಆಣೆ ಮಾಡಿದೆ. ಆಗ ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನೋವಿನ ಅಳು ಅದಾಗಿರಲಿಲ್ಲ.

"ಆರ್ ವರ್ಸ ಸಾ," ಎಂದಳು. "ಆರ್ ವರ್ಸದಿಂದ ಇವತ್ ಬತ್ತಾನೆ, ನಾಳೆ ಬತ್ತಾನೆ ಅಂತ ಕಾದಿವ್ನಿ. ಬಂದಂಗಾದ್ದೂ ಔಸ್ದಿಯೇನಾ."

ನಾನೇ ಕಂಪನಿಗೆ ಪತ್ರ ಬರೆದು ಒಪ್ಪಿಕೊಂಡೆ. ಕೆಲಸ ಹೋಗಲಿಲ್ಲ, ಬೈಗುಳ ಬಂತು. ಮುಂದಿನ ವರ್ಷ ಕತ್ತರಿಗೆ ಮೊದಲೇ ಹೆಂಗಸರನ್ನು ಕೂರಿಸಿಕೊಂಡು ಡಬ್ಬಿ ಹಿಡಿದು ನಿಂತೆ. ನನ್ನ ವಿವರಣೆ ಉದ್ದವಾದಾಗ ಕುಳ್ಳಮ್ಮ ಎದ್ದು, "ಎಡೆ ಸರಾಯಿನೂ ಸರಾಯಿನೇ ಕಣ್ರವ್ವ. ನಾಲ್ಗೆಗೂ ತಾಕ್ಸಬ್ಯಾಡಿ. ಕೈಗೆ ಗವಸು ಆಕ್ಕಳಿ," ಎಂದು ಮುಗಿಸಿದಳು. ತಾನೂ ಕೈಗವಸು ಹಾಕಿಕೊಂಡಳು, ಗೊಣಗುತ್ತಲೇ.

ಆ ವರ್ಷದ ಪಕ್ಷಕ್ಕೆ ನನ್ನನ್ನು ಊಟಕ್ಕೆ ಕರೆದಳು. ಎಡೆಯಲ್ಲಿ ಮುದ್ದೆ, ಕೋಳಿ ಸಾರು, ಒಂದು ಕಟ್ಟು ಬೀಡಿ, ಒಂದು ಲೋಟ ನೀರು ಇದ್ದವು. ಸರಾಯಿ ಇರಲಿಲ್ಲ. ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತೆವು. ದೇವರಾಜು ಮತ್ತೆ ಮತ್ತೆ ಬಾಗಿಲು ನೋಡುತ್ತಿದ್ದ. ನಿಜ ಹೇಳಬೇಕೆಂದರೆ ನಾನೂ ನೋಡುತ್ತಿದ್ದೆ. ಒಳಗೆ ಹೋಗಿ ಆಕೆ ಮೊದಲು ನೀರು ಬಾಯಿಗಿಟ್ಟಾಗ ನಾನು ಆಕೆಯ ಕುತ್ತಿಗೆಯನ್ನೇ ನೋಡುತ್ತಿದ್ದೆ, ಕೆಂಪಾಗುತ್ತದೋ ಎಂದು. ಆಮೇಲೆ ಎಲೆ ಹಾಕಿದರು. ಕುಳ್ಳಮ್ಮ ತೆರೆದ ಬಾಗಿಲಿಗೆ ಬೆನ್ನು ಹಾಕಿ ಕೂತು, ಎರಡು ಸಲ ಸಾರು ಹಾಕಿಸಿಕೊಂಡು, ನಿಧಾನವಾಗಿ ಉಂಡಳು.