ಬಾಲ ಆಡಿಸಿದ ಮನೆಗಾಡಿ

ಕಂಪ್ಲಿಯಲ್ಲಿ ಯಾರಾದರೂ ಗಾದಿಲಿಂಗನಿಗೆ ಚಹಾ ಕೊಡಿಸಿದರೆ ಅವನು ಮೊದಲು ಕೊಡಿಸಿದವನ ಮುಖ ನೋಡುತ್ತಾನೆ, ಆಮೇಲೆ ಚಹಾದ ಕಡೆ ನೋಡುತ್ತಾನೆ. "ಯಾಕಪಾ, ಏನ್ ಕೆಲ್ಸ ಐತಿ ನನ್ನಿಂದ?" ಅಂತ ಕೇಳಿದ ಮೇಲೆಯೇ ಗುಟುಕು ಹಾಕುವುದು. ಟೈರಿಗೆ ಗಾಳಿ ತುಂಬಿಸಿದರೆ ತುಂಬಿದವನ ಎದುರೇ ಒದ್ದು ನೋಡುತ್ತಾನೆ. ಡೀಸೆಲ್ ಹಾಕಿಸುವಾಗ ಮೂಗಿನ ಮೇಲೆ ನೊಣ ಕೂತರೂ ಮೀಟರಿನಿಂದ ಕಣ್ಣು ಕೀಳುವುದಿಲ್ಲ.

ಆದರೆ ಸ್ಟೇರಿಂಗ್ ಹಿಡಿದ ಗಾದಿಲಿಂಗನನ್ನು ನೋಡಬೇಕು ನೀವು! ಕಬ್ಬು ಹೇರಿದ ಟ್ರ್ಯಾಲಿಯನ್ನು ಕಾಲುವೆ ಏರಿಯ ಮೇಲೆ ಹಿಂದಕ್ಕೆ ತಗೊಂಡು, ಒಂದು ಗಳವೂ ನೀರಿಗೆ ಬೀಳದ ಹಾಗೆ ತಿರುಗಿಸಿ ನಿಲ್ಲಿಸುತ್ತಿದ್ದ. ನೋಡಲಿಕ್ಕೆ ಅಂತಲೇ ಜನ ಸೈಕಲ್ ನಿಲ್ಲಿಸುತ್ತಿದ್ದರು. ಟ್ರ್ಯಾಲಿ ಹೇರುವುದರಲ್ಲೂ ಅವನದೇ ಕೈ. ಎರಡು ಗಾಲಿಯ ಟ್ರ್ಯಾಲಿಯಲ್ಲಿ ಭಾರ ಮುಂದಕ್ಕೆ ಬಿದ್ದರೆ ಹುಕ್ಕು ಜಗ್ಗಿ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ಎದ್ದುಬಿಡುತ್ತವೆ. ಅದಕ್ಕೇ ಕಂಪ್ಲಿಯ ಕಬ್ಬಿನ ಮಂದಿ ಭಾರವನ್ನು ಹಿಂದಕ್ಕೆ ಎಳೆದು ಹೇರುತ್ತಾರೆ. ಗಾದಿಲಿಂಗ ಹೇರಿಸಿದ ಟ್ರ್ಯಾಲಿಯ ಹುಕ್ಕು ಎಷ್ಟು ಹಗುರ ಅಂದರೆ ಒಂದು ಕೈಯಲ್ಲಿ ಎತ್ತಬಹುದು ಅನ್ನುತ್ತಿದ್ದರು.

ಡ್ರೈವರ್ ಕೆಲಸ ಅವನಿಗೆ ಕೊಟ್ಟಿದ್ದವರು ಅಕ್ಕಿ ಗಿರಣಿಯ ಮರುಳಸಿದ್ದಪ್ಪ ಸಾವ್ಕಾರರು. ಅವರಿಗೆ ಒಂದು ದಿನ ಏನು ಹೊಳೆಯಿತೋ, ಎಲ್ಲಿಂದಲೋ ಒಂದು ಉದ್ದನೆಯ ಮನೆಗಾಡಿ ಕೊಂಡು ತಂದರು. ಬಸ್ಸಿನಷ್ಟು ಉದ್ದ, ಒಳಗೆ ಮಂಚ, ಒಲೆ, ಬಚ್ಚಲು ಎಲ್ಲಾ ಇದೆ, ಎಂಜಿನ್ ಮಾತ್ರ ಇಲ್ಲ. ಗಾಲಿಗಳು ನಡುವಿನಲ್ಲಿ, ಮುಂದೆ ಒಂದು ಕಬ್ಬಿಣದ ಮೂತಿ. ಆ ಮೂತಿಯನ್ನು ಪಿಕಪ್ ಗಾಡಿಯ ಹಿಂದಿನ ಹುಕ್ಕಿನ ಕಬ್ಬಿಣದ ಗುಂಡಿನ ಮೇಲೆ ಕೂರಿಸಿ, ಚಿಲಕ ಹಾಕಿ ಎಳೆಯಬೇಕು. ಚಳಿಗಾಲದಲ್ಲಿ ಹಂಪಿಗೆ ಬರುವವರು ಉಳಿಯಲಿ ಅಂತ ಅದನ್ನು ಕಮಲಾಪುರದ ಹತ್ತಿರ ಒಂದು ಹೊಲದಲ್ಲಿ ನಿಲ್ಲಿಸಿದ್ದರು. ಹಂಪಿ ಕಡೆಯ ಕಲ್ಲಿನ ದ್ವಾರದಲ್ಲಿ ಅದು ತೂರುವುದಿಲ್ಲ ಅಂತ ಸುತ್ತು ಹೊಡೆದು ಅಲ್ಲಿಗೆ ಒಯ್ದವನೂ ಗಾದಿಲಿಂಗನೇ. ಆಗ ಗಾಡಿ ಖಾಲಿ. ಹೂವಿನ ಹಾಗೆ ಬಂತು.

ಈಗ ಮಳೆ ಹಿಡಿದು ಸಂಡೂರು ಗುಡ್ಡ ಹಸಿರಾಗಿತ್ತು. "ಜನ ಈಗ ಅಲ್ಲಿಗೆ ಹೋಗ್ತಾರ, ಮನೆಗಾಡಿನೂ ಅಲ್ಲಿಗೇ ಹೋಗ್ಲಿ," ಅಂದರು ಸಾವ್ಕಾರರು. "ಅದರ ಜೋಡಿ ಒಬ್ಬ ಆಳು ಅಲ್ಲೇ ಇರಬೇಕು. ನೀನಾ, ತಿಪ್ಪೇಶನಾ, ಗಾಡಿ ಮುಟ್ಟಿದ ಮ್ಯಾಲೆ ಹೇಳ್ತೀನಿ."

ಗಾದಿಲಿಂಗನ ಕಿವಿ ನೆಟ್ಟಗಾಗಿದ್ದು ಆ ಮಾತಿಗೆ. ಅವನ ಹೆಂಡತಿ ಭುವನೇಶ್ವರಿ ಸಂಡೂರಿನಲ್ಲಿ ನರ್ಸ್. ಮದುವೆಯಾದಾಗಿನಿಂದ ಅವಳು ಅಲ್ಲಿ, ಇವನು ಇಲ್ಲಿ, ರಜೆ ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಫೋನಿನಲ್ಲಿ ಎಲ್ಲಿದ್ದಿ, ಯಾರ ಜೋಡಿ ಅಂತ ಇವನ ನೂರು ಪ್ರಶ್ನೆ. ಆ ಕೆಲಸ ಇವನಿಗೆ ಸಿಕ್ಕರೆ ಮೊದಲ ಸಲ ಇಬ್ಬರೂ ಒಂದೇ ಸೂರಿನಡಿ. ಫೋನಿನಲ್ಲಿ ಹೇಳಿದಾಗ ಅವಳು, "ಹೌದಾ? ಬರ್ರಿ ಮತ್ತ," ಅಂದಿದ್ದಳು. ದನಿಯಲ್ಲಿ ಖುಷಿ ಸ್ವಲ್ಪ ಕಡಿಮೆ ಇತ್ತೇನೋ ಅಂತ ಗಾದಿಲಿಂಗ ಎರಡು ದಿನ ಅದನ್ನೇ ನೆನೆಸಿಕೊಂಡ.

ಅಡ್ಡ ಇದ್ದವನು ತಿಪ್ಪೇಶ್. ಗಿರಣಿಯ ಮೆಕ್ಯಾನಿಕ್, ವಯಸ್ಸಿನಲ್ಲಿ ಚಿಕ್ಕವನು, ಸಾವ್ಕಾರರಿಗೆ ದೂರದ ಸಂಬಂಧಿ ಬೇರೆ. ಪಿಕಪ್ಪಿಗೆ ಹುಕ್ಕು ಬೆಸೆದವನೂ ಅವನೇ, ಸಂಡೂರಿನ ದಾರಿಗೆ ಪಕ್ಕದ ಸೀಟಿನಲ್ಲಿ ಬರುವವನೂ ಅವನೇ. ಸುಮ್ಮಸುಮ್ಮನೆ ನಗುತ್ತಾನೆ. ನಗುವವರನ್ನು ಕಂಡರೆ ಗಾದಿಲಿಂಗನಿಗೆ ಮೊದಲೇ ಆಗುವುದಿಲ್ಲ.

ಹೊರಡುವ ಬೆಳಿಗ್ಗೆ ಕಮಲಾಪುರದ ಹೊಲದಲ್ಲಿ ಸಾಮಾನು ಹೇರಿಸಿದ್ದು ಗಾದಿಲಿಂಗ. ಜನರೇಟರ್, ನೀರಿನ ಡ್ರಮ್ಮು, ಗ್ಯಾಸಿನ ಸಿಲಿಂಡರ್, ಕಬ್ಬಿಣದ ಕುರ್ಚಿ, ಎಲ್ಲವನ್ನೂ ಮನೆಗಾಡಿಯ ಹಿಂದಿನ ಕೋಣೆಗೆ ತಳ್ಳಿಸಿದ. "ಹಿಂದ ಹಾಕ್ರಲೇ, ಹಿಂದ! ಹುಕ್ಕಿನ ಮ್ಯಾಲೆ ಭಾರ ಬೀಳಬಾರ್ದು." ತಿಪ್ಪೇಶನೂ ಒಂದು ಡ್ರಮ್ಮಿಗೆ ಹೆಗಲು ಕೊಟ್ಟ. ಆಮೇಲೆ ಗಾದಿಲಿಂಗ ಸರಪಣಿ ಕತ್ತರಿಯ ಹಾಗೆ ಅಡ್ಡಡ್ಡ ಹಾಕಿ, ಹಿಂದಿನ ದೀಪ ಹತ್ತುತ್ತದೋ ಇಲ್ಲವೋ ನೋಡಿ, ಅಗಲದ ಕನ್ನಡಿ ತಿರುಗಿಸಿ, ಕೊನೆಗೆ ಹುಕ್ಕಿನ ಚಿಲಕ ಅಲ್ಲಾಡಿಸಿದ.

"ನಾನು ಹಾಕೀನಿ ಅಣ್ಣಾ, ಗಟ್ಟಿ ಐತಿ," ಅಂದ ತಿಪ್ಪೇಶ್.

"ನೀನು ಹಾಕಿದ್ದಕ್ಕೇ ನೋಡಾಕತ್ತೀನಿ."

ಹೊಸಪೇಟೆ ದಾಟುವವರೆಗೆ ಏನೂ ಆಗಲಿಲ್ಲ. ಊರೊಳಗೆ ಆಟೋಗಳ ನಡುವೆ ಮೆಲ್ಲಗೆ ಹೋದರು, ತಿರುವಿನಲ್ಲಿ ಗಾದಿಲಿಂಗ ಅಗಲಕ್ಕೆ ಹೋಗಿ ಮನೆಗಾಡಿಯ ಗಾಲಿಗಳಿಗೆ ಜಾಗ ಬಿಟ್ಟು ಎಳೆದುಕೊಂಡ. ಸಂಡೂರು ರಸ್ತೆಗೆ ಬಿದ್ದು ಸ್ವಲ್ಪ ವೇಗ ಸಿಕ್ಕಿತು ನೋಡಿ, ಎದುರಿನಿಂದ ಒಂದು ಅದಿರಿನ ಲಾರಿ ಧೂಳೆಬ್ಬಿಸಿಕೊಂಡು ಭರ್ರನೆ ಹೋಯಿತು. ಅದರ ಗಾಳಿ ಬಡಿದದ್ದೇ ತಡ, ಮನೆಗಾಡಿ ಎಮ್ಮೆ ಬಾಲ ಆಡಿಸಿದ ಹಾಗೆ ಎಡಕ್ಕೆ ಬಲಕ್ಕೆ ಆಡಿತು. ಪಿಕಪ್ಪಿನ ಹಿಂಭಾಗವನ್ನೂ ಜೊತೆಗೆ ಎಳೆಯಿತು.

ತಿಪ್ಪೇಶ್ ಬಾಗಿಲು ಹಿಡಿದುಕೊಂಡ. "ಬ್ರೇಕ್ ಹಾಕಣ್ಣಾ!"

ಗಾದಿಲಿಂಗ ಬ್ರೇಕ್ ಹಾಕಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೇರಿಂಗನ್ನು ನೆಟ್ಟಗೆ, ಹಿಡಿದೂ ಹಿಡಿಯದ ಹಾಗೆ ಹಿಡಿದ. ವೇಗ ತಾನಾಗಿಯೇ ಇಳಿದು ಇಳಿದು ಗಾಡಿ ಸಮಾಧಾನಕ್ಕೆ ಬಂತು. ಬದಿಗೆ ನಿಲ್ಲಿಸಿದ.

"ಬ್ರೇಕ್ ಹಾಕು ಅಂದ್ಯಲ್ಲ," ಅಂದ ಗಾದಿಲಿಂಗ ಮೆಲ್ಲಗೆ. "ಹಾಕಿದ್ರ ಪಲ್ಟಿನೇ. ನಿಂಗ ಗೊತ್ತಿಲ್ಲೇನು, ಇಲ್ಲ ಗೊತ್ತಿದ್ದೇ ಅಂದ್ಯಾ?"

"ಏನಣ್ಣಾ ಇದು? ನಾನೂ ಇದೇ ಗಾಡ್ಯಾಗ ಕುಂತೀನಿ!"

ಅದೂ ನಿಜ. ಆದರೆ ಅನುಮಾನಕ್ಕೆ ಅಷ್ಟು ಸಾಕೇ? ಗಾದಿಲಿಂಗ ಇಳಿದು ಟೈರು ಒದ್ದ, ಗಾಳಿ ಸರಿ ಇತ್ತು. ಸರಪಣಿ ಸರಿ. ಚಿಲಕ ಗಟ್ಟಿ. ಹುಕ್ಕಿನ ಬೆಸುಗೆಗೆ ಮೂಗು ತಾಗಿಸಿ ನೋಡಿದ, ಬಿರುಕಿಲ್ಲ. ಎಲ್ಲಾ ಸರಿ ಇದ್ದದ್ದೇ ಅವನಿಗೆ ಇನ್ನಷ್ಟು ಕೆಡುಕಾಗಿ ಕಂಡಿತು. ಕಣ್ಣಿಗೆ ಕಾಣದ ಹಾಗೆ ಮಾಡಿದ್ದಾನೆ ಮಗ, ಮೆಕ್ಯಾನಿಕ್ ಅಲ್ಲವಾ! ಗಾಡಿ ದಾರಿಯಲ್ಲಿ ಕೆಟ್ಟರೆ ಹೆಸರು ಹೋಗುವುದು ಡ್ರೈವರದು, ಸಂಡೂರಿನಲ್ಲಿ ಉಳಿಯುವವನು ತಿಪ್ಪೇಶ್.

ಮತ್ತೆ ಹೊರಟರು. ಮುಂದೆ ಒಂದು ಇಳಿಜಾರಿನಲ್ಲಿ, ಲಾರಿಯೂ ಇಲ್ಲ ಗಾಳಿಯೂ ಇಲ್ಲ, ಮನೆಗಾಡಿ ಮತ್ತೆ ಬಾಲ ಆಡಿಸಿತು. ಈ ಸಲ ಎಡದ ಗಾಲಿ ಡಾಂಬರು ಬಿಟ್ಟು ಕೆಂಪು ಮಣ್ಣಿಗೆ ಇಳಿದು, ಹಾಗೂ ಹೀಗೂ ಮೇಲೆ ಬಂತು. ಹಿಂದೆ ಬರುತ್ತಿದ್ದ ಬೈಕಿನವನು ಬೈದುಕೊಂಡೇ ಮುಂದೆ ಹೋದ.

ಒಂದು ಚಹಾದಂಗಡಿಯ ಎದುರಿನ ಬಯಲಿಗೆ ಗಾಡಿ ತಂದು ನಿಲ್ಲಿಸಿದವನೇ ಗಾದಿಲಿಂಗ ಬೇವಿನ ಮರದ ಹಿಂದೆ ಹೋಗಿ ಸಾವ್ಕಾರರಿಗೆ ಫೋನ್ ಹಚ್ಚಿದ.

"ಸಾವ್ಕಾರ್ರ, ಹುಕ್ಕಿಗೆ ತಿಪ್ಪೇಶ ಏನೋ ಮಾಡ್ಯಾನ್ರಿ. ಗಾಡಿ ಕೈಗೆ ಸಿಗವಲ್ದು."

"ಮಾಡ್ಯಾನ ಅಂದ್ರ? ನೋಡಿಯೇನು?"

ಗಾದಿಲಿಂಗ ಮರದ ಮರೆಯಿಂದ ತಿಪ್ಪೇಶನ ಕಡೆ ಇಣುಕಿದ. ಆಮೇಲೆ, "ನೋಡೀನ್ರಿ," ಅಂದುಬಿಟ್ಟ.

"ನಮ್ಮವನು ಅಂತ ಸುಮ್ನಿದ್ದೆ," ಅಂದರು ಸಾವ್ಕಾರರು. "ಅವನ್ನ ಅಲ್ಲೇ ಇಳಿಸು. ಸಂಡೂರಾಗ ನೀನೇ ಇರು."

ಸಿಕ್ಕಿತು! ಗಾದಿಲಿಂಗ ಫೋನನ್ನು ಜೇಬಿಗೆ ಇಳಿಸುವಷ್ಟರಲ್ಲಿ ತಿಪ್ಪೇಶನ ಫೋನು ಹೊಡೆದುಕೊಂಡಿತು. ಸಾವ್ಕಾರರದೇ. ತಿಪ್ಪೇಶ್ "ಹ್ಞಾಂ ಮಾವ" ಅಂದ, "ಇಲ್ಲ ಮಾವ" ಅಂದ, ಫೋನು ಇಟ್ಟ. ಸೀಟಿನಿಂದ ಚೀಲ ತೆಗೆದುಕೊಂಡು ಹೆಗಲಿಗೆ ಹಾಕಿದ. ಮುಖದಲ್ಲಿ ಆ ನಗು ಇರಲಿಲ್ಲ. ಅದು ಇಲ್ಲದಿದ್ದರೆ ಅವನು ಬೇರೆ ಯಾರೋ ಅನ್ನಿಸಿತು ಗಾದಿಲಿಂಗನಿಗೆ.

"ಹೋಗ್ತೀನಿ ಅಣ್ಣಾ, ಬಸ್ ಬರ್ತತಿ," ಅಂದ ತಿಪ್ಪೇಶ್. "ಆದ್ರ ಹೋಗೂಕ್ಕಿಂತ ಮೊದ್ಲು ಹುಕ್ಕು ಬಿಚ್ಚು. ನಾನೇನ್ ಮಾಡೀನಿ ಅಂತ ಕೈ ಇಟ್ಟು ತೋರಿಸು. ಅಂಗಡಿ ಮಂದಿನೂ ನೋಡ್ಲಿ."

"ಯಾಕ, ಬಿಚ್ಚಿದಾಗ ಇನ್ನೇನರ ಮಾಡಾಕ?"

"ನಾನು ಮುಟ್ಟಂಗಿಲ್ಲ ಮಾರಾಯಾ. ಕೈ ಕಟ್ಕಂಡು ನಿಂದರ್ತೀನಿ. ನೀನೇ ಬಿಚ್ಚು."

ಗಾದಿಲಿಂಗ ಗಾಲಿಗಳಿಗೆ ಕಲ್ಲು ಕೊಟ್ಟ. ಮೂತಿಗೆ ಆಸರೆಯಾಗುವ ಊರುಗಾಲು ಇಳಿಸಿ, ಸರಪಣಿ ಬಿಚ್ಚಿದ. ಚಹಾದಂಗಡಿಯವರು ಗ್ಲಾಸು ಹಿಡಿದುಕೊಂಡೇ ಹತ್ತಿರ ಬಂದರು. ತಿಪ್ಪೇಶ್ ಹೇಳಿದ ಹಾಗೆ ದೂರದಲ್ಲಿ ಕೈ ಕಟ್ಟಿ ನಿಂತಿದ್ದ. ಗಾದಿಲಿಂಗ ಬದಿಗೆ ನಿಂತು ಚಿಲಕ ಎತ್ತಿದ.

ಧಡ್!

ಕಬ್ಬಿಣದ ಮೂತಿ ಗುಂಡಿನಿಂದ ಹಾರಿ ಅವನ ಎದೆಯ ಎತ್ತರಕ್ಕೆ ಎದ್ದು ನಿಂತಿತು. ಮನೆಗಾಡಿಯ ಹಿಂಭಾಗ ಹೋಗಿ ನೆಲಕ್ಕೆ ಕೂತಿತು. ಒಳಗೆ ಡ್ರಮ್ಮುಗಳು ಉರುಳಿ, ಪಾತ್ರೆಗಳು ಚೆಲ್ಲಿ, ಯಾವುದೋ ಒಂದು ಮುಚ್ಚಳ ಬಹಳ ಹೊತ್ತು ಗಿರಗಿರ ತಿರುಗಿ ಸುಮ್ಮನಾಯಿತು. ಇತ್ತ ಪಿಕಪ್ಪಿನ ಹಿಂಭಾಗ, ಇಷ್ಟು ಹೊತ್ತು ಯಾರೋ ಎತ್ತಿ ಹಿಡಿದಿದ್ದ ಹಾಗೆ ಇದ್ದದ್ದು, ಸ್ಪ್ರಿಂಗಿನ ಮೇಲೆ ಕೆಳಗೆ ಇಳಿಯಿತು.

ಯಾರೂ ಹೇಳಬೇಕಾಗಿರಲಿಲ್ಲ. ಭಾರವೆಲ್ಲಾ ಹಿಂದೆ. ಮೂತಿ ಪಿಕಪ್ಪನ್ನು ಒತ್ತುವ ಬದಲು ಮೇಲಕ್ಕೆ ಎತ್ತುತ್ತಿತ್ತು, ಹಾಗಾಗಿ ಹಿಂದಿನ ಭಾರ ಬಾಲದ ಹಾಗೆ ಬೇಕಾದ ಕಡೆ ತಿರುಗುತ್ತಿತ್ತು. ಕಬ್ಬಿನ ಟ್ರ್ಯಾಲಿಗೆ ಯಾವುದು ಲಕ್ಷಣವೋ ಈ ಉದ್ದ ಗಾಡಿಗೆ ಅದೇ ಅಪಾಯ. ಮತ್ತು ಹಿಂದೆ ಹಾಕಿಸಿದವನು ಯಾರು?

ಗಾದಿಲಿಂಗನ ಬಾಯಿಗೆ ಮೊದಲು ಬಂದದ್ದು ಮಾತ್ರ ಇನ್ನೊಂದೇ. "ನಿಂಗ ಬೆಳಗ್ಗೇನೇ ಗೊತ್ತಿತ್ತಲ್ಲಲೇ? ಗೊತ್ತಿದ್ದೂ ಸುಮ್ನಿದ್ದೆಲ್ಲ?"

"ನಂಗೇನ್ ಗೊತ್ತು!" ತಿಪ್ಪೇಶ್ ಕೂಗಿದ. "ನಾನೂ ಕಂಪ್ಲ್ಯಾಗೇ ಹುಟ್ಟೀನಿ. ನಮ್ಮಪ್ಪನೂ ಹಿಂಗೇ ಹೇರತಿದ್ದ. ನೀನು ಹಿಂದ ಹಾಕು ಅಂದಾಗ, ಎಂಥಾ ಶಾಣ್ಯಾ ಅದಾನಪಾ ಅನ್ಕಂಡೆ ನಾನು. ನಿನ್ನ ಡ್ರಮ್ ಹೊತ್ತು ನನ್ ಹೆಗಲು ಇನ್ನಾ ನೋಯ್ತೈತಿ!"

ಚಹಾದಂಗಡಿಯವರು ಗೊಳ್ಳೆಂದರು. ಗಾದಿಲಿಂಗ ನಗಲಿಲ್ಲ. ಗಾಳಿಯಲ್ಲಿ ನಿಂತ ಆ ಮೂತಿಯನ್ನೇ ನೋಡುತ್ತಾ ನಿಂತ. ತಿಪ್ಪೇಶನಿಗೆ ಗೊತ್ತಿಲ್ಲದ ಒಂದು ಮಾತು ಅವನಲ್ಲೇ ಇತ್ತು, ಸಾವ್ಕಾರರಿಗೆ ಹೇಳಿದ ಆ "ನೋಡೀನ್ರಿ". ಹೇಳದಿದ್ದರೆ ಸಂಡೂರು ಅವನದು. ತಿಪ್ಪೇಶ್ ಏನು ಹೇಳಿಕೊಂಡರೂ ಸಾವ್ಕಾರರು ಈಗ ನಂಬುವುದಿಲ್ಲ.

ಬಸ್ಸು ಬಂತು. ಹಾರ್ನ್ ಹೊಡೆಯಿತು. ತಿಪ್ಪೇಶ್ ಚೀಲ ಸರಿಮಾಡಿಕೊಂಡ.

"ನಿಂದ್ರು," ಅಂದ ಗಾದಿಲಿಂಗ. ಫೋನ್ ತೆಗೆದ. ಈ ಸಲ ಮರದ ಹಿಂದೆ ಹೋಗಲಿಲ್ಲ.

"ಸಾವ್ಕಾರ್ರ, ನಾನ್ರಿ. ಹುಕ್ಕಿಗೆ ಏನೂ ಆಗಿಲ್ರಿ. ನಾನೇ ಭಾರ ಹಿಂದ ಹೇರ್ಸೀನ್ರಿ, ಕಬ್ಬು ಹೇರಿದಂಗ. ತಿಪ್ಪೇಶ ಏನೂ ಮಾಡಿಲ್ರಿ. ನೋಡೀನಿ ಅಂದೆ, ನೋಡಿರ್ಲಿಲ್ರಿ."

ಸಾವ್ಕಾರರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ಗಾದಿಲಿಂಗ," ಅಂದರು, "ಅಲ್ಲಿ ಯಾರ್ಯಾರೋ ಬಂದು ಉಳೀತಾರ. ದಿನಾ ಒಬ್ಬರ ಮ್ಯಾಲೆ ಹಿಂಗ ಮಾಡಿದ್ರ ನನ್ ಗತಿ ಏನು? ಎಳಿಯೋದು ನೀನೇ ಎಳಿ, ನಿನ್ನಂಗ ಎಳಿಯೋರು ಇಲ್ಲ. ಇರೋದು ತಿಪ್ಪೇಶ ಇರ್ಲಿ."

ಬಸ್ಸು ಹೋಯಿತು. ಇಬ್ಬರೂ ಮನೆಗಾಡಿಯೊಳಗೆ ಹತ್ತಿ, ಜನರೇಟರನ್ನು ಎಳೆದು ಗಾಲಿಗಿಂತ ಸ್ವಲ್ಪ ಮುಂದಕ್ಕೆ ತಂದು ಹಗ್ಗ ಬಿಗಿದರು. ಡ್ರಮ್ಮುಗಳ ನೀರು ಚೆಲ್ಲಿದರು, ಸಂಡೂರಿನಲ್ಲಿ ನೀರಿಗೇನು ಬರವಿಲ್ಲ ಅಂತ. ಮೂತಿ ಇಳಿಯಿತು. ಗಾದಿಲಿಂಗ ಎತ್ತಿ ನೋಡಿದ, ಒಂದು ಕೈಗೆ ಏಳಲಿಲ್ಲ, ಎರಡು ಕೈಗೂ ಏಳಲಿಲ್ಲ. ಊರುಗಾಲಿನ ಹಿಡಿ ತಿರುಗಿಸಿ ಗುಂಡಿನ ಮೇಲೆ ಕೂರಿಸಿದಾಗ ಪಿಕಪ್ಪಿನ ಹಿಂಭಾಗ ತುಸು ಕುಗ್ಗಿತು. ಚಿಲಕ ಹಾಕಿದವನು ತಿಪ್ಪೇಶ್. ಗಾದಿಲಿಂಗನ ಕೈ ಅದನ್ನು ಅಲ್ಲಾಡಿಸಿ ನೋಡಲು ಹೋಯಿತು.

"ನೋಡು ಅಣ್ಣಾ, ನೋಡು," ಅಂದ ತಿಪ್ಪೇಶ್. "ಇದೊಂದು ನೋಡಿದ್ರ ನಾನೇನ್ ಬ್ಯಾಸರ ಮಾಡ್ಕಳಂಗಿಲ್ಲ."

ಉಳಿದ ದಾರಿಯಲ್ಲಿ ಲಾರಿಗಳು ಭರ್ರೆಂದವು, ಮನೆಗಾಡಿ ಅಲುಗಲಿಲ್ಲ. ಇಳಿಜಾರಿನಲ್ಲಿ ಗಾದಿಲಿಂಗ ಮೊದಲೇ ಗೇರು ಇಳಿಸಿ ಎಂಜಿನ್ನಿನ ಹಿಡಿತದಲ್ಲೇ ತಂದ. ಬಸ್ಸಿನಷ್ಟು ಉದ್ದದ ಆ ಮನೆ ಅವನ ಹಿಂದೆ ಕೂಸಿನ ಹಾಗೆ ಬಂತು. ಏನು ಡ್ರೈವರ್ ಅಂತೀರಿ!

ಸಂಡೂರಿನ ಹೊರಗೆ, ಗುಡ್ಡದ ಬುಡದ ಜಾಗದಲ್ಲಿ ಭುವನೇಶ್ವರಿ ಡ್ಯೂಟಿ ಮುಗಿಸಿ ಬುತ್ತಿ ಹಿಡಿದು ನಿಂತಿದ್ದಳು. ಗಾದಿಲಿಂಗ ಇಳಿದವನೇ ಎಲ್ಲಾ ಹೇಳಿದ, ನಿಂತಲ್ಲೇ, ಒಂದೇ ಉಸಿರಿಗೆ. ತಾನಿಲ್ಲಿ ಇರುವುದಿಲ್ಲ ಅಂತಲೂ.

ಅವಳು ಅವನನ್ನು ಮೇಲಿಂದ ಕೆಳಗಿನ ತನಕ ನೋಡಿದಳು. "ನೀವೇ ಫೋನ್ ಮಾಡಿ ನಂದೇ ತಪ್ಪು ಅಂದ್ರಿ?"

"ಹೂಂ."

"ಯಾರೂ ಹೇಳ್ಸಿಲ್ಲ?"

"ಇಲ್ಲ."

"ಖರೇ ಹೇಳ್ರಿ."

ಗಾದಿಲಿಂಗನಿಗೆ ಮೈ ಉರಿಯಿತು. ನಿಜ ಹೇಳಿದವನನ್ನು ಹೀಗೆ ಕೆದಕಿದರೆ ಹೇಗಿರುತ್ತದೆ ಅಂತ ಅವನಿಗೆ ಅಷ್ಟು ವರ್ಷಕ್ಕೆ ಮೊದಲ ಸಲ ಗೊತ್ತಾಯಿತು. ತಿಪ್ಪೇಶನೇ ಹಿಂದಿನಿಂದ, "ಖರೇ ಅಕ್ಕಾ, ನಾನೇ ಸಾಕ್ಷಿ. ನಂಗೂ ನಂಬಾಕ ಆಗವಲ್ದು," ಅಂದ.

ಭುವನೇಶ್ವರಿಯ ಮುಖ ಸಡಿಲವಾಯಿತು. ಬುತ್ತಿ ಬಿಚ್ಚಿದಳು. ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ. ಮೂವರಿಗೂ ಹಾಕಿದಳು. "ಹೋಗ್ಲಿ ಬಿಡ್ರಿ," ಅಂದಳು. "ಇವತ್ತು ಹೆಂಗೂ ಇರ್ತೀರಲ್ಲ. ಗಾಡಿ ವಾಪಸ್ ಎಳಿಯಾಕ ಬಂದಾಗ ಮತ್ತೆರಡು ದಿನ ಇದ್ದು ಹೋಗ್ರಿ."

ಎರಡೇ ದಿನ ಯಾಕೆ? ಮೂರನೇ ದಿನ ಏನಿದೆ? ಗಾದಿಲಿಂಗ ಕೇಳಲಿಕ್ಕೆ ಬಾಯಿ ತೆರೆದ. ಅವಳು ಅವನ ಕಡೆಯೇ ನೋಡುತ್ತಿದ್ದಳು. ತೆರೆದ ಬಾಯಿಗೆ ರೊಟ್ಟಿ ಮುರಿದು ಹಾಕಿಕೊಂಡ.